ಗಣಕಯಂತ್ರದ ಬಿಡಿಭಾಗ ಗುರುತಿಸಿ ಸೂಕ್ತ ಡ್ರೈವರ್ ಅಳವಡಿಸುವ ಕ್ರಮ

ವಿಂಡೋಸ್ ಮರುಅಳವಡಿಸಿದ ತರುವಾಯ ಗ್ರಾಮ ಪಂಚಾಯಿತಿಯ ಗಣಕಯಂತ್ರದಲ್ಲಿ ಅಂತರ್ಜಾಲ ಅಥವಾ ಪ್ರಿಂಟರ್ ಕಾರ್ಯನಿರ್ವಹಿಸದಿದ್ದಲ್ಲಿ, ಯಂತ್ರವೇ ಕೆಟ್ಟಿದೆಯೆಂದು ಭಾವಿಸತಕ್ಕದ್ದಲ್ಲ. ಬಿಡಿಭಾಗಕ್ಕೂ ವಿಂಡೋಸ್‌ಗೂ ಸಂಪರ್ಕ ಕಲ್ಪಿಸುವ ತಂತ್ರಾಂಶವಾದ ಡ್ರೈವರ್ ಇಲ್ಲದಿರುವುದೂ ಇದಕ್ಕೆ ಕಾರಣವಾಗಿರಬಹುದು.

ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯುವುದು. ಹಳದಿ ತ್ರಿಕೋನ ಚಿಹ್ನೆಯುಳ್ಳ ಸಾಧನದ ಪ್ರಾಪರ್ಟೀಸ್‌ನಲ್ಲಿ ‘ಕೋಡ್ 28’ ಎಂದಿದ್ದರೆ ಡ್ರೈವರ್ ಅಳವಡಿಕೆಯಾಗಿಲ್ಲವೆಂದು ಅರ್ಥ. ಅಲ್ಲಿಯೇ ಡೀಟೇಲ್ಸ್ ವಿಭಾಗದಲ್ಲಿ ಹಾರ್ಡ್‌ವೇರ್ ಐಡಿ ಆಯ್ಕೆ ಮಾಡಿದಾಗ, ‘ವಿಇಎನ್’ ಮುಂದಿನ ನಾಲ್ಕು ಅಂಕಿ-ಅಕ್ಷರಗಳು ತಯಾರಕರನ್ನೂ ‘ಡಿಇವಿ’ ಮುಂದಿನವು ಸಾಧನವನ್ನೂ ಸೂಚಿಸುತ್ತವೆ. ಉದಾಹರಣೆಗೆ, 8086 ಎಂದರೆ ಇಂಟೆಲ್; 10ಇಸಿ ಎಂದರೆ ರಿಯಲ್‌ಟೆಕ್. ಯುಎಸ್‌ಬಿ ಸಾಧನಗಳಲ್ಲಿ ಇವುಗಳ ಬದಲು ‘ವಿಐಡಿ’, ‘ಪಿಐಡಿ’ ಎಂದಿರುತ್ತದೆ.

ಡ್ರೈವರನ್ನು ತಯಾರಕರ ಅಧಿಕೃತ ಜಾಲತಾಣದಿಂದಲೇ, ಯಂತ್ರದ ಮಾದರಿ ಹಾಗೂ 32 ಅಥವಾ 64 ಬಿಟ್ ವಿಂಡೋಸ್‌ಗೆ ಹೊಂದುವಂತೆ ಪಡೆಯತಕ್ಕದ್ದು. ಅಂತರ್ಜಾಲವಿಲ್ಲದಿದ್ದಲ್ಲಿ ಬೇರೊಂದು ಗಣಕಯಂತ್ರದಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್ ಮೂಲಕ ತರಬಹುದು. ಅಳವಡಿಸುವ ಮುನ್ನ ರಿಸ್ಟೋರ್ ಪಾಯಿಂಟ್ ರಚಿಸಿಕೊಂಡರೆ, ತೊಂದರೆಯಾದಲ್ಲಿ ಹಿಂದಿನ ಸ್ಥಿತಿಗೆ ಮರಳಲು ಸಾಧ್ಯ.

ಅಪರಿಚಿತ ಜಾಲತಾಣಗಳ ಉಚಿತ ಡ್ರೈವರ್ ತಂತ್ರಾಂಶಗಳೊಡನೆ ಕುತಂತ್ರಾಂಶ ಸೇರಿ ಬಂದಲ್ಲಿ ಪಂಚಾಯಿತಿಯ ಲಾಗಿನ್ ಗುಪ್ತಪದಗಳಿಗೂ ಸಾರ್ವಜನಿಕರ ದಾಖಲೆಗಳಿಗೂ ಅಪಾಯವಿರುವುದರಿಂದ, ಅಂತಹವುಗಳನ್ನು ಕಚೇರಿಯ ಗಣಕಯಂತ್ರಗಳಲ್ಲಿ ಕಡ್ಡಾಯವಾಗಿ ಬಳಸಬಾರದೆಂದು ಸೂಚಿಸಲಾಗಿದೆ.