ಸೆಲ್ಫ್ ಹೊಡೆದರೆ ಆರ್ಡುಯಿನೋ ಯಾಕೆ ರೀಸೆಟ್ ಆಗುತ್ತದೆ?

ಪ್ರಶ್ನೆ: ಅಣ್ಣನ ಆಟೋ ಬ್ಯಾಟರಿಯಿಂದ ನೇರವಾಗಿ ಆರ್ಡುಯಿನೋ ಉನೋ ಬೋರ್ಡ್‌ಗೆ ವೈರ್ ಎಳೆದು ಡಿಸ್‌ಪ್ಲೇ ಕೂರಿಸಿದ್ದೇನೆ. ಸೆಲ್ಫ್ ಹೊಡೆದಾಗಲೆಲ್ಲ ರೀಸೆಟ್ ಆಗುತ್ತದೆ, ಓಡುವಾಗ ವಿಪರೀತ ಬಿಸಿಯಾಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಆಂಡರ್ಸನ್‌ಪೇಟೆ, ಕೆಜಿಎಫ್

ಉತ್ತರ: 1902ರಲ್ಲೇ ಶಿವನಸಮುದ್ರದ ಕರೆಂಟ್ ಕಂಡ ಕೆಜಿಎಫ್‌ನಿಂದ ಈ ಪ್ರಶ್ನೆ ಬಂದದ್ದು ಸಂತೋಷ. 12 ವೋಲ್ಟ್ ಎನ್ನುವುದು ಬ್ಯಾಟರಿಯ ಹೆಸರಷ್ಟೇ. ಎಂಜಿನ್ ಓಡುವಾಗ ಅಲ್ಲಿ 14 ವೋಲ್ಟ್ ಆಸುಪಾಸು ಇರುತ್ತದೆ. ಸ್ಟಾರ್ಟರ್ ಮೋಟಾರ್ ಭಾರಿ ಕರೆಂಟ್ ಎಳೆದ ಗಳಿಗೆಯಲ್ಲಿ ಅದು 6–7ಕ್ಕೆ ಕುಸಿಯಬಹುದು. ಉನೋದ ರೆಗ್ಯುಲೇಟರ್‌ಗೆ ಕನಿಷ್ಠ 7 ಬೇಕು, ಹಾಗಾಗಿ ರೀಸೆಟ್. ಇನ್ನು ಬಿಸಿ: ಬೋರ್ಡಿನ ರೆಗ್ಯುಲೇಟರ್ 14ನ್ನು 5ಕ್ಕೆ ಇಳಿಸುವಾಗ ಉಳಿದ 9 ವೋಲ್ಟನ್ನು ಶಾಖವಾಗಿ ಕಳೆಯುತ್ತದೆ. 200 ಮಿಲಿಆಂಪಿಯರ್ ಎಳೆದರೆ 1.8 ವಾಟ್, ಪುಟ್ಟ ಚಿಪ್ ತಾಳುವುದಿಲ್ಲ. ಇವೆರಡಕ್ಕಿಂತ ದೊಡ್ಡ ಅಪಾಯ, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚುವುದು. ಆಗ ಹತ್ತಾರು ವೋಲ್ಟ್ ಒಮ್ಮೆಲೇ ನುಗ್ಗಿ ಬೋರ್ಡ್ ಸುಟ್ಟೀತು.

ಹೀಗೆ ಮಾಡಿ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್ ಹಾಕಿ. ಅದರ ನಂತರ ಸಾಲಿನಲ್ಲಿ ಒಂದು ಡಯೋಡ್; ಪ್ಲಸ್–ಮೈನಸ್ ನಡುವೆ, ಒಮ್ಮೆಲೇ ನುಗ್ಗುವ ವೋಲ್ಟೇಜನ್ನು ತಡೆಯುವ 24 ವೋಲ್ಟ್‌ನ ಟಿವಿಎಸ್ ಡಯೋಡ್, 63 ವೋಲ್ಟ್ ತಾಳುವ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ವೋಲ್ಟೇಜ್ ಕುಸಿದ ಕ್ಷಣದಲ್ಲಿ ಕೆಪಾಸಿಟರ್ ಬೋರ್ಡನ್ನು ನಡೆಸುತ್ತದೆ. ಅದರ ಚಾರ್ಜ್ ಸ್ಟಾರ್ಟರ್ ಕಡೆಗೆ ಹಿಂದಿರುಗದಂತೆ ಸಾಲಿನ ಡಯೋಡ್ ತಡೆಯುತ್ತದೆ. ಕೊನೆಗೆ, ವೋಲ್ಟೇಜ್ ಇಳಿಸಲು 60 ವೋಲ್ಟ್‌ವರೆಗೆ ತಾಳುವ ಬಕ್ ಕನ್ವರ್ಟರ್. ಅದನ್ನು ಮೊದಲೇ ಮಲ್ಟಿಮೀಟರ್ ಹಿಡಿದು 5 ವೋಲ್ಟ್‌ಗೆ ಹೊಂದಿಸಿ, ಬೋರ್ಡಿನ 5 ವೋಲ್ಟ್ ಪಿನ್‌ಗೆ ಕೊಡಿ. ಬಕ್ ಕನ್ವರ್ಟರ್ ಬಿಸಿಯಾಗುವುದು ಬಹಳ ಕಡಿಮೆ.

ಏನೇ ಆಗಲಿ, ಫ್ಯೂಸ್ ಮಾತ್ರ ಬಿಡಬೇಡಿ. ವೈರ್ ಬಾಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತದಂತೆ ಕಾಯುವುದು ಅದೇ.