ಗುರುತು ಕೇಳದ ಯಂತ್ರಸೇವಕ

ದೊಡ್ಡ ಕಟ್ಟಡಗಳ ಶಾಖ, ಗಾಳಿ, ದೀಪಗಳನ್ನು ಇಂದು ನಿಯಂತ್ರಕಗಳೆಂಬ ಪುಟ್ಟ ಕಂಪ್ಯೂಟರುಗಳು ನೋಡಿಕೊಳ್ಳುತ್ತವೆ. ಉಷ್ಣತಾಮಾಪಕದ ಅಂಕಿಯನ್ನು ಓದಿ, ಕವಾಟವನ್ನು ಎಷ್ಟು ತೆರೆಯಬೇಕೆಂಬುದನ್ನು ಇವೇ ನಿರ್ಧರಿಸುತ್ತವೆ; ಜಾಲದ ಮೂಲಕ ಬಂದ ಆಜ್ಞೆಯನ್ನೂ ಪಾಲಿಸುತ್ತವೆ. ಆಜ್ಞೆಯಿತ್ತವರು ಯಾರೆಂದು ಇವು ವಿಚಾರಿಸುತ್ತವೆಯೇ?

ಅನೇಕ ನಿಯಂತ್ರಕಗಳು ವಿಚಾರಿಸುವುದಿಲ್ಲ. ಇವು ಬಳಸುವ ಸಂಕೇತಭಾಷೆಗಳಲ್ಲೊಂದಾದ ‘ಮಾಡ್‌ಬಸ್’ 1979ರಲ್ಲಿ ಕಾರ್ಖಾನೆಯ ಯಂತ್ರಗಳಿಗಾಗಿ ರಚಿತವಾಯಿತು. ಅದರ ಮೂಲರೂಪದ ಸಂದೇಶದಲ್ಲಿ ಯಂತ್ರದ ಸಂಖ್ಯೆ, ಮಾಡಬೇಕಾದ ಕೆಲಸ, ಅದರ ವಿವರ, ದೋಷಪರೀಕ್ಷೆಯ ಅಂಕಿ ಇವಿಷ್ಟೇ ಇರುತ್ತವೆ. ದೋಷಪರೀಕ್ಷೆಯು ಸಂದೇಶ ಕೆಟ್ಟಿಲ್ಲವೆಂದು ತಿಳಿಸೀತೇ ಹೊರತು, ಕಳುಹಿಸಿದವನು ಕೆಟ್ಟವನಲ್ಲವೆಂದು ತಿಳಿಸಲಾರದು.

ಇದರ ಪರಿಣಾಮವನ್ನು 2024ರ ಜನವರಿಯಲ್ಲಿ ಯುಕ್ರೇನಿನ ಲ್ವಿವ್ ನಗರದಲ್ಲಿ ಕಂಡೆವು. ಅಲ್ಲಿ ಕೇಂದ್ರಗಳಲ್ಲಿ ಕಾಯಿಸಿದ ನೀರನ್ನು ಕೊಳವೆಗಳ ಮೂಲಕ ಕಟ್ಟಡಗಳಿಗೆ ಹರಿಸುತ್ತಾರೆ. ಜಾಲದೊಳಕ್ಕೆ ನುಸುಳಿದವರು ಆ ವ್ಯವಸ್ಥೆಯ ನಿಯಂತ್ರಕಗಳಿಗೆ ಮಾಡ್‌ಬಸ್ ಆಜ್ಞೆಗಳನ್ನಿತ್ತರು. ಅಳತೆಗಳು ತಪ್ಪಿದವು, ಕೊಳವೆಗಳಲ್ಲಿ ತಣ್ಣೀರು ಹರಿಯಿತು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ 600ಕ್ಕೂ ಹೆಚ್ಚು ವಸತಿಕಟ್ಟಡಗಳು ಸುಮಾರು ಎರಡು ದಿನ ಶಾಖವಿಲ್ಲದೆ ಉಳಿದವು.

ಪರಿಹಾರವೇನು? ನಿಯಂತ್ರಕಗಳ ಜಾಲವನ್ನು ಇಂಟರ್ನೆಟ್ಟಿನಿಂದ ಬೇರ್ಪಡಿಸಬೇಕು. ಕಳುಹಿಸಿದವರ ಗುರುತನ್ನು ಗೂಢಲಿಪಿಯಿಂದ ಪರೀಕ್ಷಿಸಿದ ಮೇಲೆಯೇ ಆಜ್ಞೆಯನ್ನು ಪಾಲಿಸುವಂತೆ ಅವನ್ನು ರೂಪಿಸಬೇಕು. ಬಾಗಿಲಿಗೆ ಬೀಗ ಹಾಕುವ ನಾವು ಜಾಲದ ಬಾಗಿಲನ್ನು ತೆರೆದಿಡುವುದು ವಿವೇಕವಲ್ಲ.