ನಿರ್ವಚನ ಮತ್ತು ಪ್ರಯೋಗ: ಇಂಗ್ಲಿಷ್ ಪ್ರೌಢಪದಗಳ ಕಲಿಕೆಯಲ್ಲಿ ಕನ್ನಡದ ಪಾತ್ರ

ರೇಷ್ಮೆಹುಳು ಮೊಟ್ಟೆಯೊಡೆದು ಹೊರಬಂದಂದಿನಿಂದ ಗೂಡು ಕಟ್ಟುವವರೆಗೆ ನಾಲ್ಕು ಬಾರಿ ಚರ್ಮ ಕಳಚುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳ ರೇಷ್ಮೆ ಬೆಳೆಗಾರರ ಮಾತಿನಲ್ಲಿ ಇದಕ್ಕೆ 'ಜ್ವರ' ಎಂದು ಹೆಸರು. ಹುಳು ಮೇವು ಬಿಟ್ಟು, ತಲೆಯೆತ್ತಿ, ಸುಮಾರು ಒಂದು ದಿನ ಅಲುಗಾಡದೆ ಉಳಿಯುವುದನ್ನು ಕಣ್ಣಾರೆ ಕಂಡವರು ಇಟ್ಟ ಹೆಸರಿದು. ಇದೇ ಸಂಗತಿಯನ್ನು ಹೇಳಲು ಇಂಗ್ಲಿಷಿನಲ್ಲಿ 'ಮೋಲ್ಟ್' ಎಂಬ ಪದವಿದೆ. ಶಾಸ್ತ್ರೀಯ ಬರಹದ ಕನ್ನಡದಲ್ಲಿ 'ನಿರ್ಮೋಚನ' ಎಂಬ ಪದವಿದೆ. ಹುಳುಮನೆಯಲ್ಲಿಯೇ ಬೆಳೆದ ವಿದ್ಯಾರ್ಥಿಯೊಬ್ಬನು 'ಮೋಲ್ಟ್ ಎಂದರೆ ನಿರ್ಮೋಚನ' ಎಂದು ಬಾಯಿಪಾಠ ಮಾಡಿದಾಗ ನಡೆಯುವುದು ಇಷ್ಟೆ: ತಿಳಿಯದ ಪದವೊಂದರ ಜಾಗದಲ್ಲಿ ತಿಳಿಯದ ಇನ್ನೊಂದು ಪದ ಬಂದು ಕೂರುತ್ತದೆ. ತಾನು ಚಿಕ್ಕಂದಿನಿಂದ ಬಲ್ಲ ಸಂಗತಿಯನ್ನೇ ಈ ಎರಡೂ ಪದಗಳು ಹೇಳುತ್ತಿವೆಯೆಂಬುದು ಅವನ ಅರಿವಿಗೆ ಬರುವುದೇ ಇಲ್ಲ.

ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಡುವ ತೀರ್ಮಾನವನ್ನು ರಾಜ್ಯ ಸಚಿವ ಸಂಪುಟವು 2025ರ ಮೇ ತಿಂಗಳಲ್ಲಿ ಕೈಗೊಂಡಿತು. ರಾಜಧಾನಿಗೆ ಇಷ್ಟು ಹತ್ತಿರವಿರುವ ಈ ಪ್ರದೇಶದಲ್ಲಿ ಇಂಗ್ಲಿಷಿನ ಒತ್ತಡ ಹೆಚ್ಚು. ಕನ್ನಡ ಮಾಧ್ಯಮದ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಸೇರಿತಾದರೂ, ಹತ್ತನೆಯ ತರಗತಿಯವರೆಗೆ ವಿಜ್ಞಾನ, ಗಣಿತ, ಚರಿತ್ರೆಗಳನ್ನು ಕನ್ನಡದಲ್ಲಿ ಓದಿದ ವಿದ್ಯಾರ್ಥಿ ಮುಂದಿನ ಹಂತದಲ್ಲಿ ಒಮ್ಮೆಲೇ ಇಂಗ್ಲಿಷಿನ ಪ್ರೌಢ ಪದರಾಶಿಯನ್ನು ಎದುರಿಸಬೇಕಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳ ಹಂಬಲವೂ ಇದಕ್ಕೆ ಸೇರಿಕೊಳ್ಳುತ್ತದೆ. ಆಗ ಕೈಗೆ ಸಿಗುವುದು ಪದಪಟ್ಟಿ: ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಒಂದೇ ಒಂದು ಕನ್ನಡ ಪದ. ಈ ಪಟ್ಟಿ ಅರ್ಥವಾಗದಿದ್ದಾಗ ವಿದ್ಯಾರ್ಥಿಯು ಪಟ್ಟಿಯನ್ನು ದೂರುವುದಿಲ್ಲ. ಕನ್ನಡದಲ್ಲಿ ಇದನ್ನು ಹೇಳಲಾಗದು ಎಂಬ ನಿರ್ಣಯಕ್ಕೆ ಬರುತ್ತಾನೆ. ಇಂಗ್ಲಿಷ್ ಪದಕಲಿಕೆಯ ಪ್ರಶ್ನೆ ಕನ್ನಡ ಅಧ್ಯಾಪಕರ ಪ್ರಶ್ನೆಯೂ ಆಗುವುದು ಈ ಕಾರಣದಿಂದ.

ನಿರ್ವಚನ ಹಾಗೂ ಪ್ರಯೋಗವಾಕ್ಯಗಳ ಮೂಲಕ ಪದವನ್ನು ಕಲಿಸುವ ಕ್ರಮವನ್ನು ಆಧುನಿಕ ಇಂಗ್ಲಿಷ್ ಬೋಧನೆಯ ಕೊಡುಗೆಯೆಂದು ಭಾವಿಸುವುದು ವಾಡಿಕೆ. ಕನ್ನಡದ ಮಟ್ಟಿಗೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಿದೆ. ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದ ವಿನ್ಯಾಸವನ್ನು ಇಲ್ಲಿ ನೆನೆಯಬಹುದು. ಕಂದಪದ್ಯದಲ್ಲಿ ಸೂತ್ರ, ಅದನ್ನು ಬಿಡಿಸುವ ಗದ್ಯವೃತ್ತಿ, ಅದರ ಬೆನ್ನಿಗೆ ಕವಿಗಳಿಂದ ಎತ್ತಿಕೊಂಡ ಪ್ರಯೋಗ, ಇವು ಮೂರೂ ಸೇರಿದಾಗಲೇ ಅಲ್ಲಿ ವಿಷಯ ಪೂರ್ಣವಾಗುತ್ತದೆ. ಇದಕ್ಕೆ ಪ್ರತಿಯಾಗಿ ರನ್ನಕಂದ, ಎರಡನೆಯ ನಾಗವರ್ಮನ ಅಭಿಧಾನ ವಸ್ತುಕೋಶ, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಮೊದಲಾದ ಪದ್ಯನಿಘಂಟುಗಳು ಪದಕ್ಕೆ ಪದವನ್ನು ಹೊಂದಿಸುತ್ತ ಹೋಗುತ್ತವೆ, ಪ್ರಯೋಗವನ್ನು ಕೊಡುವುದಿಲ್ಲ. ಅದು ಅವುಗಳ ದೋಷವಲ್ಲ. ಕಾವ್ಯಗಳನ್ನು ಮೊದಲೇ ಬಲ್ಲವನ ನೆನಪಿಗೆ ಒದಗಲೆಂದು ರಚಿತವಾದ ಕೃತಿಗಳವು. ಪ್ರಯೋಗವು ಓದುಗನ ತಲೆಯಲ್ಲಿಯೇ ಇದ್ದಿತು. ಇಂದಿನ ಪದಪಟ್ಟಿ ಪದ್ಯನಿಘಂಟಿನ ದಾರಿಯನ್ನು ಹಿಡಿದಿದೆ, ಆದರೆ ಅದನ್ನು ಓದುವವನ ತಲೆಯಲ್ಲಿ ಇಂಗ್ಲಿಷಿನ ಪ್ರಯೋಗಗಳಿಲ್ಲ.

ಕಿಟೆಲ್ 1894ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು, ಇವೆರಡೂ ಪ್ರಯೋಗಗಳನ್ನು ಗೌರವಿಸಿದ ಕೃತಿಗಳು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ನಿಘಂಟುಗಳಲ್ಲಿ, ಗಾತ್ರದ ಮಿತಿಯಿಂದಲೋ ಏನೋ, ಪ್ರಯೋಗಕ್ಕೆ ಸಿಕ್ಕ ಜಾಗ ಕಡಿಮೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಅಂಕಣವು ಪ್ರಜಾವಾಣಿಯಲ್ಲಿ ಅಷ್ಟು ಜನಪ್ರಿಯವಾದದ್ದಕ್ಕೆ ಒಂದು ಕಾರಣವನ್ನು ಇಲ್ಲಿ ಕಾಣಬಹುದು: ಓದುಗರು ಕೇಳಿದ ಪದಕ್ಕೆ ಅಲ್ಲಿ ಬರಿಯ ಅರ್ಥವಲ್ಲ, ಅದರ ಹುಟ್ಟು ಬಳಕೆಗಳ ವಿವರಣೆಯೂ ದೊರೆಯುತ್ತಿತ್ತು.

ಇನ್ನು ಇಂಗ್ಲಿಷ್ ಕಲಿಯುವವರಿಗೆಂದೇ ರೂಪುಗೊಂಡ ನಿಘಂಟುಗಳ ಚರಿತ್ರೆ. ಇದರ ಒಂದು ಬೇರು ಭಾರತದ ತರಗತಿಯಲ್ಲಿಯೇ ಇದೆಯೆಂಬುದು ಹೆಚ್ಚು ಪ್ರಚಾರಕ್ಕೆ ಬಂದಿಲ್ಲ. ಢಾಕಾದಲ್ಲಿ ಅಧ್ಯಾಪಕರ ಶಿಕ್ಷಣದಲ್ಲಿ ತೊಡಗಿದ್ದ ಮೈಕೆಲ್ ವೆಸ್ಟ್, ಬಂಗಾಳಿ ಮಕ್ಕಳ ಓದಿನ ತೊಡಕುಗಳನ್ನು ಕಂಡು, ಕಠಿಣ ಪದವನ್ನು ಅದಕ್ಕಿಂತ ಕಠಿಣವಾದ ಪದಗಳಿಂದ ವಿವರಿಸಬಾರದೆಂಬ ತತ್ತ್ವಕ್ಕೆ ಬಂದರು. ಎಂಡಿಕಾಟ್ ಅವರೊಡನೆ 1935ರಲ್ಲಿ ಹೊರತಂದ ನಿಘಂಟಿನಲ್ಲಿ ಎಲ್ಲ ನಿರ್ವಚನಗಳನ್ನೂ 1,490 ಸರಳ ಪದಗಳ ಎಲ್ಲೆಯಲ್ಲಿ ಬರೆದರು. ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾಗಿ, 1948ರಲ್ಲಿ ಆಕ್ಸ್‌ಫರ್ಡ್ ಮುದ್ರೆಯಲ್ಲಿ ಬಂದಿತು. ಲಾಂಗ್‌ಮನ್ ನಿಘಂಟು 1978ರಲ್ಲಿ ಸುಮಾರು 2,000 ಪದಗಳ ನಿರ್ವಚನ ಶಬ್ದಾವಳಿಯನ್ನು ಅಳವಡಿಸಿಕೊಂಡಿತು. ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ 1987ರಲ್ಲಿ ಸಿದ್ಧವಾದ ಕೋಬಿಲ್ಡ್ ನಿಘಂಟು ಇನ್ನೂ ಮುಂದೆ ಹೋಗಿ ನಿರ್ವಚನವನ್ನೇ ಪೂರ್ಣ ವಾಕ್ಯವಾಗಿ ಬರೆಯಿತು. ಪ್ರಯೋಗಗಳನ್ನು ನಿಜವಾದ ಬರಹ ಮತ್ತು ಮಾತುಗಳ ಸಂಗ್ರಹದಿಂದ ಆರಿಸಿತು. ಕವಿಪ್ರಯೋಗವೇ ಪ್ರಮಾಣವೆಂಬ ಕೇಶಿರಾಜನ ನಿಲುವು ಇಲ್ಲಿ ಬೇರೆ ಸಾಧನಗಳೊಂದಿಗೆ ಮರಳಿದಂತೆ ಕಾಣುತ್ತದೆ.

ಮತ್ತೆ 'ಮೋಲ್ಟ್' ಪದಕ್ಕೆ ಬರಬಹುದು. 'ಜ್ವರ' ಎಂಬ ಪದವನ್ನು ನೇರವಾಗಿ ಇಂಗ್ಲಿಷಿಗೆ ಒಯ್ದರೆ ಅದು 'ಫೀವರ್' ಆಗಿ ಅನರ್ಥವಾಗುತ್ತದೆ. ಆದ್ದರಿಂದ ಇಲ್ಲಿ ಪದಕ್ಕೆ ಪದವಲ್ಲ, ನಿರ್ವಚನವೇ ಬೇಕು: ಬೆಳೆಯುತ್ತಿರುವ ಪ್ರಾಣಿ ತನ್ನ ಹಳೆಯ ಹೊದಿಕೆಯನ್ನು ಕಳಚಿ ಹೊಸದನ್ನು ಪಡೆಯುವುದು. ಇಷ್ಟು ತಿಳಿದ ಮೇಲೆ 'ನಮ್ಮಲ್ಲಿ ಹುಳು ಜ್ವರಕ್ಕೆ ಹೋಗುವುದು' ಎಂಬ ಸುಳಿವು ಸಾಕು, ಪದ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ಆದರೂ ಕೆಲಸ ಮುಗಿಯಲಿಲ್ಲ. ಕನ್ನಡದಲ್ಲಿ ಹುಳು ಜ್ವರಕ್ಕೆ ಹೋಗುತ್ತದೆ, ಹಾವು ಪೊರೆ ಬಿಡುತ್ತದೆ, ಹಕ್ಕಿ ಗರಿ ಉದುರಿಸುತ್ತದೆ. ಇಂಗ್ಲಿಷಿನ 'ಮೋಲ್ಟ್' ಹುಳುವಿಗೂ ಹಕ್ಕಿಗೂ ಸಲ್ಲುತ್ತದೆ. ಎರಡು ಭಾಷೆಗಳು ಅನುಭವವನ್ನು ಕತ್ತರಿಸುವ ಗೆರೆಗಳು ಬೇರೆಯೆಂಬುದನ್ನು ತೋರಿಸಿಕೊಡಲು ಹಕ್ಕಿಯ ಬಗೆಗಿನ ಇನ್ನೊಂದು ಪ್ರಯೋಗವಾಕ್ಯ ಬೇಕಾಗುತ್ತದೆ. ವಿಚಿತ್ರವೆಂದರೆ, ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಬೆಳೆಗಾರರು 'ಹಣ್ಣಾಯಿತು' ಎಂದು ಚಂದ್ರಿಕೆಗೆ ಬಿಡುತ್ತಾರೆ. ಇಂಗ್ಲಿಷಿನ ರೇಷ್ಮೆಶಾಸ್ತ್ರದಲ್ಲಿಯೂ ಅಂಥ ಹುಳು 'ರೈಪ್' ಆದದ್ದೇ. ಜ್ವರದಲ್ಲಿ ಬೇರ್ಪಟ್ಟ ಭಾಷೆಗಳು ಹಣ್ಣಿನಲ್ಲಿ ಕೂಡಿಕೊಳ್ಳುತ್ತವೆ. ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಯಾವ ನಿರ್ವಚನವೂ ಮುಂದಾಗಿ ಹೇಳಲಾರದು.

ಪರಿಚಿತ ಪದವೇ ದಾರಿ ತಪ್ಪಿಸುವ ಸಂದರ್ಭಗಳೂ ಉಂಟು. ಕನಕಪುರ, ಮಾಗಡಿಗಳ ಕಡೆ 'ಕ್ವಾರಿ' ಎಂದರೆ ಕಲ್ಲು ತೆಗೆಯುವ ಜಾಗವೆಂದು ಓದುಬರಹವಿಲ್ಲದವರಿಗೂ ಗೊತ್ತು. ಇಂಗ್ಲಿಷ್ ಕಥೆಯೊಂದರಲ್ಲಿ ಬೇಟೆಗಾರನು 'ಕ್ವಾರಿ'ಯ ಬೆನ್ನುಹತ್ತಿ ಓಡಿದನೆಂದು ಬಂದಾಗ ವಿದ್ಯಾರ್ಥಿ ಅವನನ್ನು ಕಲ್ಲುಗಣಿಗೆ ಓಡಿಸುತ್ತಾನೆ. ಇಲ್ಲಿ ಅದು ಬೇಟೆಯ ಪ್ರಾಣಿ. ಎರಡೂ ಅರ್ಥಗಳು ಬೇರೆ ಬೇರೆ ಮೂಲದಿಂದ ಬಂದು ಒಂದೇ ರೂಪ ತಳೆದಿವೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಇಡುವ 'ಲಾಟು' ಕೂಡ ಹೀಗೆಯೇ. ಅದೇ ಪದ ಇಂಗ್ಲಿಷಿನಲ್ಲಿ ಪಾಲು, ಹಣೆಬರಹ, ನಿವೇಶನ ಎಂಬ ಅರ್ಥಗಳಲ್ಲಿಯೂ ಬರುತ್ತದೆ. ಎರವಲು ಪಡೆಯುವಾಗ ಭಾಷೆಯೊಂದು ಪದದ ಎಲ್ಲ ಅರ್ಥಗಳನ್ನೂ ತರುವುದಿಲ್ಲ, ತನಗೆ ಬೇಕಾದುದೊಂದನ್ನೇ ತರುತ್ತದೆ ಎಂಬ ಭಾಷಾವಿಜ್ಞಾನದ ಪಾಠವನ್ನು ಈ ಒಂದು ಲಾಟಿನಿಂದಲೇ ಮಾಡಬಹುದು.

ಮಾರುಕಟ್ಟೆಯ ಇನ್ನೊಂದು ಪದ 'ವೊಲಟೈಲ್'. ರಸಾಯನಶಾಸ್ತ್ರದ ಪ್ರಭಾವದಿಂದ ಇದಕ್ಕೆ 'ಬಾಷ್ಪಶೀಲ' ಎಂಬ ಅರ್ಥ ಗಟ್ಟಿಯಾಗಿದೆ. ಅದನ್ನು ನಂಬಿದವನಿಗೆ ಅರ್ಥಶಾಸ್ತ್ರದ ಪುಸ್ತಕದಲ್ಲಿ 'ಬಾಷ್ಪಶೀಲ ಬೆಲೆ' ಎದುರಾಗುತ್ತದೆ. ಅದರ ಬದಲು, 'ದಿ ಪ್ರೈಸ್ ಆಫ್ ಕಕೂನ್ಸ್ ಈಸ್ ವೊಲಟೈಲ್' ಎಂಬ ವಾಕ್ಯವನ್ನು ಮುಂದಿಟ್ಟರೆ, ನಿನ್ನೆಯ ದರ ಇಂದಿಲ್ಲವೆಂಬುದನ್ನು ಕಂಡುಂಡ ಮನೆಯ ಮಗುವಿಗೆ ಬೇರೆ ವಿವರಣೆ ಬೇಕಿಲ್ಲ. ಮಾಗಡಿಯ ಸಾವನದುರ್ಗವನ್ನು ನೋಡಿದವರಿಗೆ 'ಮಾನೊಲಿತ್' ಎಂದರೆ ಏಕಶಿಲೆಯೆಂದು ಹೇಳಿದರೆ ಸಾಕು. ಆದರೆ ಸಂಸ್ಥೆಯನ್ನೋ ಸಂಸ್ಕೃತಿಯನ್ನೋ 'ಮಾನೊಲಿಥಿಕ್' ಎಂದು ಕರೆದಾಗ ಅಲ್ಲಿ ಹೊಗಳಿಕೆಗಿಂತ ಆಕ್ಷೇಪವೇ ಹೆಚ್ಚು, ಒಳಗಿನ ವೈವಿಧ್ಯಕ್ಕೆ ಎಡೆಗೊಡದ್ದು ಎಂಬ ಭಾವ. ಈ ಧ್ವನಿ ಕಲ್ಲಿನಿಂದ ಹೊರಡುವುದಿಲ್ಲ, ವಾಕ್ಯದಿಂದ ಹೊರಡುತ್ತದೆ.

ಸಮಾನಾರ್ಥಕಗಳ ವಿಷಯದಲ್ಲಿ ಚನ್ನಪಟ್ಟಣದ ಬೊಂಬೆ ಕೆಲಸವು ಒಳ್ಳೆಯ ಪಾಠಶಾಲೆ. ಲೇತಿನಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಗರಿಯಿಂದ ತೀಡಿ ಹೊಳಪು ಬರಿಸುತ್ತಾರೆ. 'ಲ್ಯಾಕರ್', 'ವಾರ್ನಿಷ್', 'ಪಾಲಿಷ್' ಎಂಬ ಮೂರಕ್ಕೂ ಪದಪಟ್ಟಿ 'ಮೆರುಗು' ಎಂದು ಒಂದೇ ಅರ್ಥ ಬರೆದರೂ, ಮೂರೂ ಮೂರು ಬಗೆಯ ಕೆಲಸಗಳೆಂಬುದನ್ನು ಆ ಕುಶಲಕರ್ಮಿಯ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. 'ಲ್ಯಾಕ್' ಎಂಬುದು ಸಂಸ್ಕೃತದ 'ಲಾಕ್ಷಾ'ದಿಂದ ಹಿಂದಿಯ ಮೂಲಕ ಯುರೋಪಿಗೆ ಹೋದ ಪದವೆಂಬುದನ್ನೂ, ಪಂಪನ ಓದುಗರು ಬಲ್ಲ ಅರಗಿನ ಮನೆಯ ಅರಗು ಇದೇ ಎಂಬುದನ್ನೂ ಕನ್ನಡ ತರಗತಿಯಲ್ಲಿ ಸೇರಿಸಿಕೊಳ್ಳಬಹುದು.

ಇಷ್ಟರಿಂದ, ಸ್ಥಳೀಯ ಬದುಕಿನಿಂದ ಆರಿಸಿದ ವಾಕ್ಯಗಳೇ ಸಾಕು ಎಂಬ ತೀರ್ಮಾನಕ್ಕೆ ಬಂದರೆ ತಪ್ಪಾಗುತ್ತದೆ. ಪದಕ್ಕೆ ಅರ್ಥವಿರುವಂತೆ ಒಡನಾಟವೂ ಇದೆ. 'ಮಿಟಿಗೇಟ್' ಎಂಬುದಕ್ಕೆ 'ತಗ್ಗಿಸು' ಎಂದು ಕಲಿತವನು ಕನ್ನಡದ 'ತಗ್ಗಿಸು' ಹೋಗುವೆಡೆಗೆಲ್ಲ ಅದನ್ನು ಕಳಿಸುತ್ತಾನೆ. ಕನ್ನಡದಲ್ಲಿ ಬೆಲೆ ತಗ್ಗಿಸಬಹುದು, ದನಿ ತಗ್ಗಿಸಬಹುದು, ತಲೆಯನ್ನೂ ತಗ್ಗಿಸಬಹುದು. ಇಂಗ್ಲಿಷಿನ ಪದ ಹಾನಿ, ಅಪಾಯ, ದುಷ್ಪರಿಣಾಮಗಳ ಸಂಗವನ್ನೇ ಬಯಸುತ್ತದೆ; ಬರದ ಪರಿಣಾಮವನ್ನು ಹಾಗೆ ತಗ್ಗಿಸಬಹುದು, ಅಂಗಡಿಯ ಬೆಲೆಯನ್ನಲ್ಲ. ಕನ್ನಡದ 'ಬಗ್ಗೆ ಚರ್ಚಿಸು' ಎಂಬ ಜೋಡಿಯೇ 'ಡಿಸ್ಕಸ್ ಅಬೌಟ್' ಎಂಬ ಸಾರ್ವತ್ರಿಕ ತಪ್ಪಿನ ತಾಯಿ. ಇಂಥ ಕಡೆ ಅಧ್ಯಾಪಕರು ಹೊಸೆದ ವಾಕ್ಯಕ್ಕಿಂತ, ಇಂಗ್ಲಿಷ್ ಬರಹದಿಂದ ನೇರವಾಗಿ ಎತ್ತಿಕೊಂಡ ವಾಕ್ಯವೇ ಪ್ರಮಾಣ. ಹಾಗೆಂದು ಮೊದಲ ವಾಕ್ಯವೇ ಲಂಡನ್ನಿನ ಪತ್ರಿಕೆಯದಾದರೆ, ಅಲ್ಲಿನ ಮನೆಸಾಲವೋ ಕ್ರಿಕೆಟ್ ಕೌಂಟಿಯೋ ಅಡ್ಡ ನಿಂತು, ಕಲಿಯಬೇಕಾದ ಪದ ಹಿಂದೆ ಸರಿಯುತ್ತದೆ. ಮೊದಲ ವಾಕ್ಯ ಊರಿನದು, ಎರಡನೆಯದು ಪುಸ್ತಕದ್ದು ಎಂಬ ಕ್ರಮ ಇವೆರಡನ್ನೂ ಸರಿದೂಗಿಸುತ್ತದೆ. ಮೂರನೆಯ ವಾಕ್ಯವನ್ನು ವಿದ್ಯಾರ್ಥಿಯೇ ಬರೆಯಬೇಕು; ಅವನು ಪದವನ್ನು ಎಷ್ಟರಮಟ್ಟಿಗೆ ಅರಿತಿದ್ದಾನೆಂಬುದು ಆ ವಾಕ್ಯದ ತಪ್ಪಿನಲ್ಲಿಯೇ ಹೊರಬೀಳುತ್ತದೆ. ನಿರ್ವಚನವನ್ನೂ ನಿಘಂಟಿನಿಂದ ನಕಲು ಮಾಡದೆ, ಮನೆಯವರಿಗೆ ಹೇಳುವಂತೆ ತನ್ನ ಕನ್ನಡದಲ್ಲಿ ಬರೆದುಕೊಳ್ಳುವುದು ಒಳಿತು. 'ನಿರ್ಮೋಚನ'ದಂತಹ ಶಾಸ್ತ್ರಪದವನ್ನು ಇಲ್ಲಿ ಬಿಡಬೇಕಿಲ್ಲ. 'ಜ್ವರ'ದ ಮೂಲಕ ಅದನ್ನು ತಲುಪಿದವನಿಗೆ ಆ ಪದವೂ ದಕ್ಕುತ್ತದೆ, ಕನ್ನಡದ ಶಾಸ್ತ್ರಬರಹಕ್ಕೆ ಒಬ್ಬ ಓದುಗನೂ ಸಿಗುತ್ತಾನೆ.

ಒಂದು ಪದಕ್ಕೆ ಮೂರು ವಾಕ್ಯಗಳೆಂದರೆ ಕಾಲಾವಕಾಶದ ಪ್ರಶ್ನೆ ಏಳುವುದು ಸಹಜ. ಆವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಾವಳಿಯಲ್ಲಿರುವುದು 570 ಪದಕುಟುಂಬಗಳು. ವಾರಕ್ಕೆ ಹತ್ತರಂತೆ ತೆಗೆದುಕೊಂಡರೂ 57 ವಾರಗಳು ಬೇಕು. ಪದವಿಯ ಮೊದಲ ಎರಡು ವರ್ಷಗಳ ಪಾಠದ ವಾರಗಳಲ್ಲಿ ಇದು ಹಿಡಿಸೀತು, ಇಂಗ್ಲಿಷ್ ಮತ್ತು ಕನ್ನಡ ಅಧ್ಯಾಪಕರು ಹೊರೆಯನ್ನು ಹಂಚಿಕೊಂಡರೆ. ಹೆಚ್ಚಿನ ತೊಡಕಿರುವುದು ಬೇರೆಡೆ. ಒಂದು ಕಸುಬಿನ ಮಾತು ಎಲ್ಲ ಸೀಮೆಗಳಲ್ಲಿಯೂ ಒಂದೇ ಆಗಿರುವುದಿಲ್ಲ. ರಾಮನಗರದ ಹುಳುಮನೆಗೆ ಒಪ್ಪುವ ಪ್ರಯೋಗವಾಕ್ಯ ರೇಷ್ಮೆಯನ್ನೇ ಕಾಣದ ಸೀಮೆಯಲ್ಲಿ ಮತ್ತೊಂದು ಒಗಟಾಗುತ್ತದೆ. ಇಡೀ ರಾಜ್ಯಕ್ಕೆ ಒಂದೇ ಆದ ಪಠ್ಯಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲ. ಆಯಾ ಕಾಲೇಜಿನ ಅಧ್ಯಾಪಕರೇ ತಮ್ಮ ವಿದ್ಯಾರ್ಥಿಗಳ ಮನೆಮಾತಿನಿಂದ ಪದಗಳನ್ನು ಬರೆದಿಟ್ಟುಕೊಳ್ಳಬೇಕಾಗುತ್ತದೆ. ಎಚ್. ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ನೊಗ, ನೇಗಿಲು, ಕೂರಿಗೆ, ಒನಕೆಗಳು ಕಣ್ಣೆದುರಿಗಿವೆ. ಅಲ್ಲಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಕೈಯಲ್ಲಿ ಒಂದು ಇಂಗ್ಲಿಷ್ ನಿಘಂಟನ್ನೂ ಹಿಡಿದು ಹೋಗಬಹುದು.